ಸ್ವಾಲ್‌ಬಾರ್ಡ್‌ನಲ್ಲಿ ಊರಿನವರು ಯಾರು?

ವೀಸಾ ಇಲ್ಲದೆ ಹೋಗಿ ನೆಲೆಸಬಹುದಾದ ಜಾಗ ಎಂದು ಸ್ವಾಲ್‌ಬಾರ್ಡ್ ಬಗ್ಗೆ ಆಗಾಗ ವಿಡಿಯೋಗಳು ಹರಿದಾಡುತ್ತವೆ. ಮಾತು ಸುಳ್ಳಲ್ಲ. ಆದರೆ ಅಲ್ಲಿಗೆ ಹೋಗುವುದು ಒಂದು, ಅಲ್ಲಿ ಉಳಿಯುವುದು ಇನ್ನೊಂದು, ಅಲ್ಲಿಯವರಾಗುವುದು ಬೇರೆಯೇ ಒಂದು. ಉತ್ತರ ಧ್ರುವದ ಹತ್ತಿರದ ಆ ದ್ವೀಪಸಮೂಹದಲ್ಲಿ ಈಚಿನ ವರ್ಷಗಳ ರಾಜಕೀಯವೆಲ್ಲ ಸುತ್ತುತ್ತಿರುವುದು ಈ ಮೂರನೆಯದರ ಸುತ್ತ. ಆ ಮಾತು ವಿಡಿಯೋಗಳಲ್ಲಿ ಬರುವುದಿಲ್ಲ.

ಮೊದಲು ಹೋಗುವ ವಿಚಾರ ಮುಗಿಸಿಬಿಡೋಣ. ಸ್ವಾಲ್‌ಬಾರ್ಡ್ ನಾರ್ವೆಯದು, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ. ಸಾಮಾನ್ಯ ವಿಮಾನಗಳು ಹೊರಡುವುದು ಓಸ್ಲೋ ಅಥವಾ ಟ್ರೊಮ್ಸೊದಿಂದ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡದಿದ್ದರೂ ಆ ವಿಮಾನ ಹತ್ತಲು ಷೆಂಗೆನ್ ವೀಸಾ ಬೇಕೇ ಬೇಕು. ಎಡವುವುದು ಎಲ್ಲಿ ಎಂದರೆ, ಒಂದೇ ಪ್ರವೇಶದ ವೀಸಾ ಪಡೆದು ಹೊರಡುವಲ್ಲಿ. ಓಸ್ಲೋದಲ್ಲಿ ಇಳಿದಾಗ ಒಂದು ಪ್ರವೇಶ ಮುಗಿಯಿತು. ಸ್ವಾಲ್‌ಬಾರ್ಡ್‌ಗೆ ವಿಮಾನ ಹತ್ತಿದಿರಿ ಎಂದರೆ ಷೆಂಗೆನ್ ಬಿಟ್ಟ ಹಾಗೆ. ವಾಪಸು ಬರುವಾಗ ಎರಡನೆಯ ಪ್ರವೇಶವಾಗುತ್ತದೆ. ಎರಡು ಅಥವಾ ಹೆಚ್ಚು ಪ್ರವೇಶಗಳ ವೀಸಾವನ್ನೇ ಕೇಳಿ ಪಡೆಯಬೇಕು, ಅದರ ಅವಧಿ ಮರಳುವ ದಿನದವರೆಗೂ ಇರಬೇಕು.

ಅಲ್ಲಿ ಇಳಿದ ಮೇಲೆ ವಾಸದ ಪರವಾನಗಿ ಎಂಬುದೊಂದಿಲ್ಲ. ನಾರ್ವೆಯ ವಲಸೆ ಕಾನೂನು ಅಲ್ಲಿಗೆ ಅನ್ವಯಿಸುವುದಿಲ್ಲ. ಅದರ ಬದಲು 1995ರ ಒಂದು ನಿಯಮಾವಳಿ ಇದೆ: ತನ್ನ ಖರ್ಚು ತಾನೇ ನೋಡಿಕೊಳ್ಳಲಾಗದವರನ್ನು ಗವರ್ನರ್ ಹೊರಗೆ ಕಳಿಸಬಹುದು. ಈ ಅಧಿಕಾರಿಯನ್ನು ನಾರ್ವೆ ಭಾಷೆಯಲ್ಲಿ ಈಗ ಸಿಸ್ಸೆಲ್‌ಮೆಸ್ಟರ್ ಎನ್ನುತ್ತಾರೆ; ಪೊಲೀಸ್ ಮುಖ್ಯಸ್ಥರೂ ಅವರೇ, ಸರ್ಕಾರದ ಪ್ರತಿನಿಧಿಯೂ ಅವರೇ. ಕೆಲಸ ಹೋದರೆ ಸಾಮಾಜಿಕ ನೆರವು ಕೇಳಿಕೊಂಡು ಕೂರುವ ಹಾಗಿಲ್ಲ, ವೃದ್ಧಾಶ್ರಮವಿಲ್ಲ, ದೀರ್ಘಕಾಲದ ಆರೈಕೆಯ ವ್ಯವಸ್ಥೆಯಿಲ್ಲ. ಅಲ್ಲಿನ ಆಸ್ಪತ್ರೆ ಚಿಕ್ಕದು, ಹೆರಿಗೆಯ ದಿನ ಹತ್ತಿರ ಬರುತ್ತಿದ್ದಂತೆ ಗರ್ಭಿಣಿಯರು ನಾರ್ವೆಯ ಮುಖ್ಯಭೂಮಿಗೆ ಹೋಗಬೇಕು. ಹುಟ್ಟಿಗೂ ಮುಪ್ಪಿಗೂ ಜಾಗವಿಲ್ಲದ ಊರು ಎಂದರೆ ತಪ್ಪಾಗದು. ದುಡಿಯುವ ವಯಸ್ಸಿನವರು ದುಡಿಯುವಷ್ಟು ಕಾಲ ಮಾತ್ರ ಇರಲಿ ಎಂಬ ಲೆಕ್ಕದಲ್ಲೇ ಅದನ್ನು ಕಟ್ಟಿದ್ದಾರೆ.

ಹೀಗೇಕೆ ಎನ್ನಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಾಲ್‌ಬಾರ್ಡ್‌ನಲ್ಲಿ ಮೂಲನಿವಾಸಿಗಳೇ ಇಲ್ಲ. ಗ್ರೀನ್‌ಲ್ಯಾಂಡ್‌ನಲ್ಲಿ ಇನ್ಯುಯಿಟ್ ಜನರಿದ್ದಾರೆ, ಫ್ಯಾರೋ ದ್ವೀಪಗಳಲ್ಲಿ ಸಾವಿರ ವರ್ಷದಿಂದ ಬೇರೂರಿದ ಜನರೂ ಅವರದೇ ಭಾಷೆಯೂ ಇವೆ. ಅಲ್ಲೆಲ್ಲ ನಾವು ಯಾರು ಎಂಬ ಪ್ರಶ್ನೆಗೆ ನಿಲ್ಲಲು ಒಂದು ನೆಲವಿದೆ. ಸ್ವಾಲ್‌ಬಾರ್ಡ್‌ಗೆ ಬಂದವರೆಲ್ಲ ಹೊರಗಿನವರೇ: ಮೊದಲು ತಿಮಿಂಗಿಲ ಹಿಡಿಯುವವರು, ಆಮೇಲೆ ಬಲೆಯೊಡ್ಡುವ ಬೇಟೆಗಾರರು, 20ನೇ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ತೆಗೆಯುವವರು. ಅಮೆರಿಕದ ಉದ್ಯಮಿ ಜಾನ್ ಮನ್ರೋ ಲಾಂಗ್‌ಯಿಯರ್ 1906ರಲ್ಲಿ ಗಣಿ ಊರು ಹೂಡಿದರು, ಅವರ ಹೆಸರೇ ಇಂದಿನ ಮುಖ್ಯ ಊರಾದ ಲಾಂಗ್‌ಯಿಯರ್‌ಬಿಯೆನ್‌ಗೆ ಉಳಿಯಿತು. 1916ರಲ್ಲಿ ನಾರ್ವೆಯ ಸ್ಟೋರೆ ನೋಷ್ಕೆ ಕಂಪನಿ ಅದನ್ನು ಕೊಂಡಿತು.

ಅಷ್ಟರವರೆಗೂ ಈ ನೆಲಕ್ಕೆ ದೊರೆಯಿರಲಿಲ್ಲ. 1920ರ ಫೆಬ್ರುವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಸ್ವಾಲ್‌ಬಾರ್ಡ್ ಒಪ್ಪಂದ ಅದನ್ನು ನಾರ್ವೆಗೆ ಒಪ್ಪಿಸಿತು, 1925ರಲ್ಲಿ ಅದು ಜಾರಿಗೆ ಬಂತು. ಬ್ರಿಟಿಷರ ಕಾಲವಾದ್ದರಿಂದ ಭಾರತದ ಹೆಸರಿನಲ್ಲೂ ಅದಕ್ಕೆ ಸಹಿ ಬಿತ್ತು, ಹಾಗಾಗಿ ನಾವೂ ಮೊದಲಿನಿಂದಲೇ ಅದರ ಒಳಗಿದ್ದೇವೆ. ಈಗ 40ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಮುಖ್ಯ ಷರತ್ತುಗಳು ಇವು. ಸಾರ್ವಭೌಮತ್ವ ಪೂರ್ತಿ ನಾರ್ವೆಯದು. ಆದರೆ ಒಪ್ಪಂದದ ಎಲ್ಲ ದೇಶಗಳ ಪ್ರಜೆಗಳಿಗೂ ಬರಲು ಹೋಗಲು, ಮೀನು ಹಿಡಿಯಲು, ಗಣಿ ನಡೆಸಲು, ವ್ಯಾಪಾರ ಮಾಡಲು ಸಮಾನ ಹಕ್ಕು. ಅಲ್ಲಿ ಎತ್ತಿದ ತೆರಿಗೆಯನ್ನು ಅಲ್ಲಿಗೇ ಖರ್ಚು ಮಾಡಬೇಕು. ನೌಕಾನೆಲೆ ಕಟ್ಟಬಾರದು, ಯುದ್ಧದ ಉದ್ದೇಶಕ್ಕೆ ಆ ನೆಲವನ್ನು ಬಳಸಬಾರದು.

ತೆರಿಗೆಯ ಷರತ್ತಿನ ಫಲವನ್ನು ಇಂದಿಗೂ ಕಾಣಬಹುದು. ಸಂಬಳದ ಮೇಲಿನ ಆದಾಯ ತೆರಿಗೆ ಸಾಮಾನ್ಯವಾಗಿ ಶೇಕಡಾ 8, ಅದರ ಮೇಲೆ ರಾಷ್ಟ್ರೀಯ ವಿಮೆಯ ವಂತಿಗೆ. ಮೌಲ್ಯವರ್ಧಿತ ತೆರಿಗೆ ಇಲ್ಲ. ಅಷ್ಟು ಕಡಿಮೆ ತೆರಿಗೆಯಲ್ಲಿ ಆ ಚಳಿಯ ಊರನ್ನು ನಡೆಸಲಾಗದು. ಉಳಿದದ್ದನ್ನು ಓಸ್ಲೋದ ಖಜಾನೆ ತುಂಬುತ್ತದೆ. ಮುಂದೆ ಮತದಾನದ ಗದ್ದಲದಲ್ಲಿ ಸರ್ಕಾರ ಹಿಡಿದ ವಾದದ ಬೇರು ಇದರಲ್ಲೇ ಇದೆ.

ಲಾಂಗ್‌ಯಿಯರ್‌ಬಿಯೆನ್ ಬಹಳ ಕಾಲ ಹೆಸರಿಗೆ ಊರು, ವಾಸ್ತವದಲ್ಲಿ ಕಂಪನಿ ಕ್ವಾರ್ಟರ್ಸ್. ಮನೆ, ಊಟ, ಅಂಗಡಿ ಎಲ್ಲವೂ ಸ್ಟೋರೆ ನೋಷ್ಕೆಯದು. 1980ರವರೆಗೂ ಕಂಪನಿ ತನ್ನದೇ ನೋಟುಗಳನ್ನು ಚಲಾವಣೆಯಲ್ಲಿ ಇಟ್ಟಿತ್ತು. 1975ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಚಳಿಗಾಲದಲ್ಲಿ ಹೊರಜಗತ್ತಿನಿಂದ ಕಡಿದುಹೋಗುವುದು ನಿಂತಿತು. ಗಣಿ ಕಾರ್ಮಿಕರ ಜೊತೆ ಕುಟುಂಬಗಳು ಬಂದವು, ಶಿಶುವಿಹಾರ ಬಂತು, ಪ್ರವಾಸೋದ್ಯಮ ಬಂತು, 1993ರಲ್ಲಿ ವಿಶ್ವವಿದ್ಯಾಲಯ ಕೇಂದ್ರ ಬಂತು. 2002ರ ಜನವರಿ 1ರಂದು ಚುನಾಯಿತ ಸ್ಥಳೀಯ ಆಡಳಿತ ಶುರುವಾಯಿತು. ಲಾಂಗ್‌ಯಿಯರ್‌ಬಿಯೆನ್ ಲೊಕಾಲ್‌ಸ್ಟೀರೆ ಎಂಬ ಆ ಸಭೆಯಲ್ಲಿ 15 ಸದಸ್ಯರು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ನೀರು, ರಸ್ತೆ, ವಿದ್ಯುತ್ತು, ಮನೆಗಳಿಗೆ ಬಿಸಿನೀರಿನ ಕೊಳವೆ ಜಾಲ, ಶಾಲೆ, ಅಗ್ನಿಶಾಮಕ, ಬಂದರು ಅದರ ಕೈಯಲ್ಲಿವೆ. ಪೊಲೀಸು, ಆಸ್ಪತ್ರೆ, ಊರಾಚೆಯ ಕಾಡುನೆಲ ಅದರ ಕೈಯಲ್ಲಿಲ್ಲ.

ಕಂಪನಿಯಿಂದ ಊರಿಗೆ ಅಧಿಕಾರ ಬಂದ ಆ ಹೊತ್ತಿಗೇ ಊರಿನ ಜನರೂ ಬದಲಾಗುತ್ತಿದ್ದರು. ಗಣಿಯವರನ್ನು ಮದುವೆಯಾಗಿ ಬಂದ ಥಾಯ್ ಮಹಿಳೆಯರ ಹಿಂದೆ ಅವರ ಬಂಧುಬಳಗ ಬಂತು, ಆಮೇಲೆ ಫಿಲಿಪೀನ್ಸ್‌ನವರು ಬಂದರು. ಈ ಎರಡು ದೇಶಗಳೂ ಒಪ್ಪಂದದಲ್ಲಿ ಇಲ್ಲ. ಒಳಗಿರುವವರು ಹೊರಗಿರುವವರು ಎಂದು ಭೇದ ಮಾಡದೆ ಎಲ್ಲರಿಗೂ ಒಂದೇ ನಿಯಮ ಇಟ್ಟದ್ದು ನಾರ್ವೆ ತಾನಾಗಿ ಮಾಡಿದ ಆಯ್ಕೆ. ಸ್ವೀಡನ್, ರಷ್ಯಾ, ಜರ್ಮನಿ, ಪೋಲೆಂಡ್‌ನವರೂ ಸೇರಿ ಸುಮಾರು 2,500 ಜನರ ಊರಿನಲ್ಲಿ ಈಗ 50ರ ಆಸುಪಾಸು ದೇಶಗಳವರಿದ್ದಾರೆ, ಮೂರರಲ್ಲಿ ಒಂದು ಪಾಲಿಗೂ ಮಿಕ್ಕಿ ವಿದೇಶಿಯರು. ಹೋಟೆಲು ಗುಡಿಸುವವರು, ಅಡುಗೆಯವರು, ಅಂಗಡಿಯ ಗಲ್ಲೆಯಲ್ಲಿ ಕೂರುವವರು, ಹಿಮದ ಮೇಲೆ ಪ್ರವಾಸಿಗಳನ್ನು ಕರೆದೊಯ್ಯುವ ಗೈಡುಗಳು, ಸಂಶೋಧಕರು, ವಿದ್ಯಾರ್ಥಿಗಳು: ಊರು ನಡೆಯುತ್ತಿರುವುದು ಇವರೆಲ್ಲರ ಕೈಯಿಂದ. ನಾರ್ವೆಯವರಲ್ಲೂ ಹೆಚ್ಚಿನವರು ಕೆಲವು ವರ್ಷ ದುಡಿದು ಮರಳುವವರೇ.

ಇಲ್ಲಿಗೆ 2022 ಬಂತು. ಆ ವರ್ಷದ ಜೂನ್‌ನಲ್ಲಿ ಸರ್ಕಾರ ನಿಯಮ ಬದಲಿಸಿತು. ಮೊದಲು ವಿದೇಶಿಯರು ಸ್ವಾಲ್‌ಬಾರ್ಡ್‌ನಲ್ಲೇ ಮೂರು ವರ್ಷ ನೆಲೆಸಿದ್ದರೆ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದಿತ್ತು, ಸ್ಪರ್ಧಿಸಲೂಬಹುದಿತ್ತು. ಹೊಸ ನಿಯಮದಂತೆ ನಾರ್ವೆ ಪ್ರಜೆಗಳಲ್ಲದವರು ಮುಖ್ಯಭೂಮಿಯ ಯಾವುದಾದರೂ ಪುರಸಭೆಯಲ್ಲಿ ಕನಿಷ್ಠ ಮೂರು ವರ್ಷ ವಾಸವಿದ್ದಿರಬೇಕು. ನೂರಾರು ಜನ ಒಂದೇ ಏಟಿಗೆ ಮತದಾರರ ಪಟ್ಟಿಯಿಂದ ಹೊರಬಿದ್ದರು. ಸ್ಥಳೀಯ ಸಭೆಯೇ ಇದನ್ನು ವಿರೋಧಿಸಿತ್ತು. ಸರ್ಕಾರದ ಸಮರ್ಥನೆ ಎರಡು ಎಳೆಯದು: ಸಭೆ ಖರ್ಚು ಮಾಡುವ ಹಣದಲ್ಲಿ ಮುಖ್ಯಭೂಮಿಯ ತೆರಿಗೆದಾರರ ಪಾಲು ದೊಡ್ಡದು, ಆದ್ದರಿಂದ ನಿರ್ಧರಿಸುವವರಿಗೆ ಮುಖ್ಯಭೂಮಿಯ ನಂಟು ಬೇಕು, ಲಾಂಗ್‌ಯಿಯರ್‌ಬಿಯೆನ್ ನಾರ್ವೆಯ ಊರಾಗಿ ಉಳಿಯಬೇಕು.

ನಿಯಮ ಕೆಲಸ ಮಾಡುವ ಬಗೆಯನ್ನು ಹಂತಹಂತವಾಗಿ ನೋಡಿದರೆ ಅದರ ಬಿಗಿ ಅರಿವಾಗುತ್ತದೆ. ನಾರ್ವೆಯವರು ಸ್ವಾಲ್‌ಬಾರ್ಡ್‌ಗೆ ಬಂದರೂ ಅವರ ನೋಂದಣಿ ಮುಖ್ಯಭೂಮಿಯ ತಮ್ಮ ಪುರಸಭೆಯಲ್ಲೇ ಉಳಿಯುತ್ತದೆ. ಇಲ್ಲಿಯ ಮತವೂ ಅಲ್ಲಿಯ ಮತವೂ ಅವರಿಗಿವೆ. ಬ್ಯಾಂಕಾಕ್‌ನಿಂದಲೋ ಮನಿಲಾದಿಂದಲೋ ನೇರ ಬಂದವರು ಸ್ವಾಲ್‌ಬಾರ್ಡ್‌ನ ಪ್ರತ್ಯೇಕ ನೋಂದಣಿಯಲ್ಲಿ ಮಾತ್ರ ಇರುತ್ತಾರೆ. ಅವರು ಇಲ್ಲಿ ಕಳೆದ ವರ್ಷಗಳು ನಾರ್ವೆಯ ಶಾಶ್ವತ ವಾಸಕ್ಕಾಗಲಿ ಪೌರತ್ವಕ್ಕಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಮತ ಬೇಕಿದ್ದರೆ ಮುಖ್ಯಭೂಮಿಗೆ ಹೋಗಿ ಮೂರು ವರ್ಷ ಇರಬೇಕು. ಅಲ್ಲಿ ಇರಲು ವಾಸದ ಪರವಾನಗಿ ಬೇಕು, ಅದಕ್ಕೆ ಬೇರೆ ಅರ್ಜಿ, ಬೇರೆ ಅರ್ಹತೆ. ಸ್ವಾಲ್‌ಬಾರ್ಡ್‌ನಲ್ಲಿ ಹದಿನೈದು ವರ್ಷ ದುಡಿದದ್ದು ಅಲ್ಲಿ ಕೆಲಸಕ್ಕೆ ಬಾರದು. ಅಂದರೆ ಈ ಊರಿನ ಮತ ಸಿಗಬೇಕಾದರೆ ಈ ಊರನ್ನು ಮೂರು ವರ್ಷ ಬಿಟ್ಟಿರಬೇಕು. ಬಿಟ್ಟರೆ ಮನೆ ಹೋಗುತ್ತದೆ.

ಮನೆಯ ಮಾತು ಬಂತು, ಅದನ್ನು ಬಿಡಿಸಿ ಹೇಳಬೇಕು. ಸ್ವಾಲ್‌ಬಾರ್ಡ್‌ನಲ್ಲಿ ಊರಿನವರಾಗುವುದನ್ನು ನಿರ್ಧರಿಸುವುದು ಕಾನೂನಿಗಿಂತ ಹೆಚ್ಚಾಗಿ ಮನೆ. ಸೈಟು ಕೊಂಡು ಕಟ್ಟಿಕೊಳ್ಳುವ ರೂಢಿ ಅಲ್ಲಿಲ್ಲ. ಹೆಚ್ಚಿನ ಮನೆಗಳು ಸರ್ಕಾರದ, ಸರ್ಕಾರಿ ಕಂಪನಿಗಳ, ಸ್ಥಳೀಯ ಆಡಳಿತದ ಅಥವಾ ಉದ್ಯೋಗದಾತರ ವಶದಲ್ಲಿವೆ. ಕೆಲಸಕ್ಕೆ ಮನೆ ಅಂಟಿಕೊಂಡಿದೆ, ಕೆಲಸ ಹೋದರೆ ಮನೆಯೂ ಹೋಯಿತು. ಸರ್ಕಾರಿ ಹುದ್ದೆಗಳಿಗೆ ಒಳ್ಳೆಯ ಮನೆ ಕಾದಿರುತ್ತದೆ, ಆ ಹುದ್ದೆಗಳು ಬಹುತೇಕ ನಾರ್ವೆಯವರಿಗೆ. ಪ್ರವಾಸೋದ್ಯಮದಲ್ಲಿ ದುಡಿಯುವವರ ಪಾಲಿಗೆ ಹಂಚಿಕೊಂಡ ಕೋಣೆ, ದುಬಾರಿ ಬಾಡಿಗೆ. ವಿಡಿಯೋ ನೋಡಿ ಹೊರಟವರು ಮುಗ್ಗರಿಸುವ ಜಾಗ ಇದೇ: ವೀಸಾ ಬೇಡ ಎಂದು ಬರುತ್ತಾರೆ, ಮನೆಯಿಲ್ಲದೆ ಕೆಲಸ ಹಿಡಿಯಲಾಗದೆ ಕೈಯಲ್ಲಿದ್ದದ್ದು ಕರಗಿ ಮರಳುತ್ತಾರೆ. ಹೊರಡುವ ಮುಂಚೆ ಬರಹದಲ್ಲಿ ಕೆಲಸದ ಒಪ್ಪಂದ, ಅದರಲ್ಲಿ ಮನೆಯ ಷರತ್ತು, ಕೆಲಸ ಬಿಟ್ಟ ಮೇಲೆ ಮನೆ ತೆರವಿಗೆ ಎಷ್ಟು ದಿನ ಎಂಬ ಸಾಲು, ಈ ಮೂರನ್ನೂ ನೋಡದೆ ಯಾರೂ ಟಿಕೆಟ್ ತೆಗೆಯಬಾರದು.

ಮನೆಗಳ ಕೊರತೆಗೆ ಪ್ರಕೃತಿಯದೂ ಕೈ ಇದೆ. 2015ರ ಡಿಸೆಂಬರ್ 19ರಂದು ಊರಿನ ಮಗ್ಗುಲಿನ ಸುಕ್ಕರ್‌ಟೊಪ್ಪೆನ್ ಬೆಟ್ಟದಿಂದ ಹಿಮ ಜಾರಿ 11 ಮನೆಗಳನ್ನು ನುಗ್ಗುಮಾಡಿತು, ಇಬ್ಬರು ಸತ್ತರು. 2017ರಲ್ಲಿ ಮತ್ತೊಮ್ಮೆ ಜಾರಿತು. ಆಮೇಲೆ ಬೆಟ್ಟದ ಬುಡದ ಮನೆಗಳನ್ನು ಕೆಡವಿ ತಡೆಬೇಲಿ, ಒಡ್ಡುಗಳನ್ನು ಕಟ್ಟಿದರು. ನೆಲದಡಿಯ ಶಾಶ್ವತ ಹಿಮದ ಮೇಲ್ಪದರ ಕರಗುತ್ತಿರುವುದರಿಂದ ಕಂಬಗಳ ಮೇಲೆ ನಿಂತ ಹಳೆಯ ಮನೆಗಳು ವಾಲುತ್ತವೆ, ಹೊಸ ಕಂಬಗಳನ್ನು ಇನ್ನೂ ಆಳಕ್ಕೆ ಇಳಿಸಬೇಕಾಗಿದೆ, ಖರ್ಚು ಏರುತ್ತಿದೆ. ಕಡಿಮೆ ಮನೆಗಳಿರುವಲ್ಲಿ ಹಂಚುವವರ ಕೈ ಮೇಲು. ಯಾರನ್ನು ಉಳಿಸಿಕೊಳ್ಳಬೇಕು ಎಂಬ ತೀರ್ಮಾನ ಯಾವ ಸಭೆಯಲ್ಲೂ ಚರ್ಚೆಗೆ ಬರದೆ ಬೀಗದ ಕೈಯ ಜೊತೆಗೇ ಆಗಿಬಿಡುತ್ತದೆ.

ಗಣಿ ಮುಚ್ಚಿದ್ದು ಗುರುತಿನ ಪ್ರಶ್ನೆಯನ್ನು ಇನ್ನಷ್ಟು ತೀವ್ರವಾಗಿಸಿತು. ನಾವು ಗಣಿಯವರು ಎಂದು ಹೇಳಿಕೊಳ್ಳುತ್ತಿದ್ದ ಊರು ಅದು. ಸ್ವೆಯಾ ಗಣಿಯನ್ನು ಮುಚ್ಚುವ ತೀರ್ಮಾನ 2017ರಲ್ಲಾಯಿತು, ಅಲ್ಲಿನ ವಸಾಹತನ್ನೇ ಕಿತ್ತು ನೆಲವನ್ನು ಮೊದಲಿನಂತೆ ಮಾಡಿದರು. ಊರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ 2023ರ ಅಕ್ಟೋಬರ್‌ನಲ್ಲಿ ಆರಿತು, ಬದಲಿಗೆ ಡೀಸೆಲ್ ಬಂತು. ಸ್ವಂತ ಬೆಟ್ಟದ ಇಂಧನ ಬಿಟ್ಟು ಹಡಗಿನಲ್ಲಿ ತರಿಸುವ ಇಂಧನಕ್ಕೆ ಹೋದದ್ದರಿಂದ ವಿದ್ಯುತ್ತು ಮತ್ತು ಬಿಸಿನೀರಿನ ದರ ಏರಿತು. 2023ಕ್ಕೇ ಮುಚ್ಚಬೇಕಿದ್ದ ಕೊನೆಯ ಗಣಿ, ಅಂದರೆ ಏಳನೇ ನಂಬರಿನದು, ಉಕ್ರೇನ್ ಯುದ್ಧದಿಂದ ಇಂಧನ ಮಾರುಕಟ್ಟೆ ಅಲ್ಲಾಡಿದ್ದರಿಂದ ಎರಡು ವರ್ಷ ಮುಂದೂಡಲ್ಪಟ್ಟು 2025ರ ಬೇಸಿಗೆಯಲ್ಲಿ ನಿಂತಿತು. ಗಣಿಯಿದ್ದಾಗ ನಾರ್ವೆ ಇಲ್ಲೇಕೆ ಇದೆ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಅದಕ್ಕೆ ಉತ್ತರವಾಗಿ ನಿಲ್ಲಬೇಕಾದದ್ದು ಶಾಲೆ, ಸಂಶೋಧನೆ, ಕುಟುಂಬಗಳು. 2024ರ ಸ್ವಾಲ್‌ಬಾರ್ಡ್ ಶ್ವೇತಪತ್ರದಲ್ಲೂ ನಾರ್ವೆಯ ಸಮುದಾಯವನ್ನು ಉಳಿಸಿಕೊಳ್ಳುವುದು ಮುಖ್ಯ ಗುರಿಗಳಲ್ಲಿ ಒಂದು.

ಸರ್ಕಾರದ ಆತಂಕ ಬರೀ ಕಲ್ಪನೆಯಲ್ಲ, ಅದನ್ನೂ ಒಪ್ಪಬೇಕು. 1990ರ ಸುಮಾರಿಗೆ ಸೋವಿಯತ್ ಗಣಿ ಊರುಗಳಲ್ಲಿ 2,000ಕ್ಕೂ ಹೆಚ್ಚು ಜನರಿದ್ದರು, ನಾರ್ವೆಯ ಕಡೆ ಅದರ ಅರ್ಧದಷ್ಟು ಮಾತ್ರ. 1998ರಲ್ಲಿ ಪಿರಮಿಡೆನ್ ಬರಿದಾಯಿತು, ಬಾರೆಂಟ್ಸ್‌ಬರ್ಗ್ ಉಳಿಯಿತು. ಅದನ್ನು ನಡೆಸುವುದು ರಷ್ಯಾದ ಸರ್ಕಾರಿ ಕಂಪನಿ ಅರ್ಕ್ಟಿಕುಗೋಲ್. ಜನಸಂಖ್ಯೆ ಕೆಲವೇ ನೂರು, ಅವರಲ್ಲಿ ಡೊನ್‌ಬಾಸ್‌ನಿಂದ ಬಂದ ಉಕ್ರೇನ್ ಮೂಲದ ಗಣಿಗಾರರು ಮೊದಲಿನಿಂದಲೂ ಬಹಳ. ಬಾರೆಂಟ್ಸ್‌ಬರ್ಗ್, ಲಾಂಗ್‌ಯಿಯರ್‌ಬಿಯೆನ್ ಊರುಗಳ ನಡುವೆ ರಸ್ತೆಯಿಲ್ಲ. ಚಳಿಗಾಲದಲ್ಲಿ ಸ್ನೋ ಸ್ಕೂಟರು, ಬೇಸಿಗೆಯಲ್ಲಿ ದೋಣಿ. ಆದರೂ ಶಾಲಾಮಕ್ಕಳ, ಕ್ರೀಡೆಯ, ಹಾಡುಕುಣಿತದ ಹೋಗುಬರುವಿಕೆ ಶೀತಲ ಸಮರದ ಕಾಲದಲ್ಲೂ ನಿಂತಿರಲಿಲ್ಲ. 2022ರ ಯುದ್ಧ ಅದನ್ನು ಬಹುಪಾಲು ನಿಲ್ಲಿಸಿತು. ಲಾಂಗ್‌ಯಿಯರ್‌ಬಿಯೆನ್‌ನ ಪ್ರವಾಸ ಸಂಸ್ಥೆಗಳು ರಷ್ಯಾ ಕಂಪನಿಯೊಂದಿಗಿನ ವ್ಯವಹಾರ ಬಿಟ್ಟವು. ರಷ್ಯಾದ ವಿಜಯ ದಿನವಾದ ಮೇ 9ರಂದು, 2023ರಲ್ಲಿ, ಬಾರೆಂಟ್ಸ್‌ಬರ್ಗ್‌ನಲ್ಲಿ ವಾಹನಗಳ ಮೆರವಣಿಗೆ ನಡೆಯಿತು, ಮೇಲೆ ಹೆಲಿಕಾಪ್ಟರ್ ಹಾರಿತು. ನಿರಾಯುಧ ವಲಯದಲ್ಲಿ ಅಂಥ ದೃಶ್ಯ ಓಸ್ಲೋಗೆ ಸಹಜವಾಗಿಯೇ ಕಸಿವಿಸಿ ತಂದಿತು.

ಭೂಮಿಯ ವಿಷಯದಲ್ಲೂ ಇದೇ ಜಾಗರೂಕತೆ. ಆಡ್ವೆಂಟ್ ಫ್ಯೋರ್ಡ್‌ನ ಪೂರ್ವದಂಡೆಯ ಖಾಸಗಿ ನೆಲವನ್ನು ಸರ್ಕಾರ 2016ರಲ್ಲಿ 30 ಕೋಟಿ ಕ್ರೋನರ್ ಕೊಟ್ಟು ಕೊಂಡಿತು. 2024ರಲ್ಲಿ ಸೋರೆ ಫಾಗರ್‌ಫ್ಯೋರ್ಡ್ ಎಂಬ 60 ಚದರ ಕಿಲೋಮೀಟರ್ ಖಾಸಗಿ ನೆಲ 30 ಕೋಟಿ ಯೂರೋಗೆ ಮಾರಾಟಕ್ಕಿದೆ ಎಂಬ ಸುದ್ದಿ ಬಂದಾಗ, ತನ್ನ ಒಪ್ಪಿಗೆಯಿಲ್ಲದೆ ಅದು ಕೈಬದಲಾಗುವಂತಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿತು. ಇದು ಸರಿಯಾದ ನಡೆ. ದೇಶವೊಂದು ತನ್ನ ಗಡಿಯಂಚಿನ ನೆಲವನ್ನು ಕಾಯುವುದರಲ್ಲಿ ತಪ್ಪಿಲ್ಲ.

ಆದರೆ ನೆಲ ಕೊಳ್ಳಲು ಬರುವ ಹಣವಂತ ಬೇರೆ, ಹತ್ತು ವರ್ಷದಿಂದ ಹೋಟೆಲಿನ ಹಾಸಿಗೆ ಬದಲಿಸುತ್ತಿರುವ ಹೆಂಗಸು ಬೇರೆ. ಒಬ್ಬರ ಮೇಲಿನ ಭಯವನ್ನು ಇನ್ನೊಬ್ಬರ ಮತಚೀಟಿಯ ಮೇಲೆ ತೀರಿಸಿದ್ದೇ 2022ರ ತೀರ್ಮಾನದ ದೋಷ. ಆ ಸಭೆಯ ಅಧಿಕಾರವಾದರೂ ಎಷ್ಟು? ನೀರಿನ ದರ, ಶಿಶುವಿಹಾರದ ಶುಲ್ಕ, ಹಿಮ ತೆಗೆಯುವ ಸರದಿ. ರಕ್ಷಣೆ, ವಿದೇಶಾಂಗ, ಪೊಲೀಸು ಯಾವುದೂ ಅಲ್ಲಿ ತೀರ್ಮಾನವಾಗುವುದಿಲ್ಲ. ಸಭೆಯಲ್ಲಿ ನಾಲ್ವರು ವಿದೇಶಿಯರು ಕೂತರೂ ನಾರ್ವೆಯ ಸಾರ್ವಭೌಮತ್ವಕ್ಕೆ ಕೂದಲೂ ಕೊಂಕದು. ಅದೇ ವಿದ್ಯುತ್ ದರ ಏರಿದಾಗ ಮೊದಲು ಸೋಲುವವರು ಹಳೆಯ ಮನೆಗಳಲ್ಲಿ ಒತ್ತಾಗಿರುವ ಇವರೇ, ಅದರ ಬಗ್ಗೆ ಕೇಳುವ ಹಕ್ಕು ಇವರಿಗೇ ಇಲ್ಲ. ಒಪ್ಪಂದದ ಪ್ರಕಾರ ಇದು ತಪ್ಪೇ ಎಂದರೆ, ಅಲ್ಲ. ಒಪ್ಪಂದ ದುಡಿಮೆ ವ್ಯಾಪಾರಗಳಲ್ಲಿ ಸಮಾನತೆ ಕೊಟ್ಟಿದೆ, ಮತದ ಮಾತು ಎತ್ತಿಲ್ಲ. ಕಾನೂನಿನ ದೃಷ್ಟಿಯಿಂದ ಸರ್ಕಾರ ಭದ್ರವಾಗಿದೆ. ನ್ಯಾಯದ ದೃಷ್ಟಿಯಿಂದ ಹಾಗೆನ್ನಲಾಗದು.

ಭಾರತದ ಸಂಶೋಧನಾ ನೆಲೆ ಹಿಮಾದ್ರಿ ಇರುವುದು ಲಾಂಗ್‌ಯಿಯರ್‌ಬಿಯೆನ್‌ಗಿಂತ ಉತ್ತರಕ್ಕೆ, ನಿ-ಓಲೆಸುಂಡ್‌ನಲ್ಲಿ. ಅದೂ ಗಣಿ ಊರೇ ಆಗಿತ್ತು. 1962ರ ನವೆಂಬರ್ 5ರ ಸ್ಫೋಟದಲ್ಲಿ 21 ಜನ ಸತ್ತರು, ಅದರ ತನಿಖೆಯ ಗದ್ದಲದಲ್ಲಿ ಮರುವರ್ಷ ನಾರ್ವೆಯ ಪ್ರಧಾನಿ ಐನಾರ್ ಗೆರ್‌ಹಾರ್ಡ್‌ಸೆನ್ ಸರ್ಕಾರವೇ ಬಿತ್ತು. ಗಣಿ ಮುಚ್ಚಿ ಸಂಶೋಧನಾ ಗ್ರಾಮವಾದ ಆ ಊರಿನಲ್ಲಿ 2008ರ ಜುಲೈನಲ್ಲಿ ಹಿಮಾದ್ರಿ ಶುರುವಾಯಿತು. ಕಟ್ಟಡ ಭಾರತದ ಸ್ವತ್ತಲ್ಲ. ಊರಿಡೀ ನಾರ್ವೆಯ ಸರ್ಕಾರಿ ಕಂಪನಿ ಕಿಂಗ್ಸ್ ಬೇಯದು, ದೇಶಗಳೆಲ್ಲ ಬಾಡಿಗೆದಾರರು. ಊಟ ಒಂದೇ ಸಾಮೂಹಿಕ ಭೋಜನಶಾಲೆಯಲ್ಲಿ, ಬಂದುಹೋಗುವ ಪುಟ್ಟ ವಿಮಾನದ ಸೀಟೂ ಅವರ ಮೂಲಕವೇ. ಸೂಕ್ಷ್ಮ ಉಪಕರಣಗಳಿಗೆ ತೊಂದರೆಯಾಗದಿರಲೆಂದು ಅಲ್ಲಿ ವೈಫೈ, ಬ್ಲೂಟೂತ್ ಬಳಸುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು, ಆ ರೇಡಿಯೋ ಮೌನ ವಿಶ್ವದ ಮೊದಲ ನಕ್ಷತ್ರಗಳ ಸುಳಿವು ಹುಡುಕುವ ಅವರ ಕೆಲಸಕ್ಕೆ ಎಷ್ಟು ಒದಗುತ್ತದೆ ಎಂದು ಅಳೆಯಲು. ವಿಜ್ಞಾನಿಗಳ ಮಟ್ಟಿಗೆ ಈ ಬಾಡಿಗೆದಾರನ ಸ್ಥಾನ ಸಾಕು. ಅವರು ಕೆಲಸ ಮುಗಿಸಿ ಮನೆಗೆ ಮರಳುವವರು. ಲಾಂಗ್‌ಯಿಯರ್‌ಬಿಯೆನ್‌ನಲ್ಲಿ ಮಕ್ಕಳನ್ನು ಶಾಲೆಗೆ ಹಾಕಿ ಕೂತವರಿಗೆ ಅದು ಸಾಲದು.

ಅಲ್ಲಿ ದುಡಿಯಲು ಯೋಚಿಸುವ ಕನ್ನಡಿಗರು ಈ ಅವಧಿಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ನಾರ್ವೆಯಲ್ಲಿ ನೆಲೆಯೂರುವುದು ಗುರಿಯಾಗಿದ್ದರೆ ಮೊದಲು ಮುಖ್ಯಭೂಮಿಯ ಕೆಲಸ ಮತ್ತು ಪರವಾನಗಿ ಹುಡುಕುವುದು ಲೇಸು. ಅಲ್ಲಿ ಮೂರು ವರ್ಷ ಇದ್ದು ಆಮೇಲೆ ಸ್ವಾಲ್‌ಬಾರ್ಡ್‌ಗೆ ಬಂದವರಿಗೆ ಮತವೂ ಇದೆ. ಒಂದೆರಡು ವರ್ಷದ ಅನುಭವ, ಕಡಿಮೆ ತೆರಿಗೆಯ ಉಳಿತಾಯ ಸಾಕೆನ್ನುವವರು ನೇರ ಹೋಗಬಹುದು. ನೇರ ಹೋಗಿ ಅಲ್ಲೇ ಬೇರು ಬಿಡುತ್ತೇವೆ ಎನ್ನುವವರ ದಾರಿಯೇ ಕಷ್ಟದ್ದು. ಮುಂದಿನ ಸ್ಥಳೀಯ ಚುನಾವಣೆ 2027ರಲ್ಲಿ. ನಿಯಮ ಹಾಗೆಯೇ ಉಳಿದರೆ, ಊರಿನ ದೀಪ ಬಿಸಿನೀರುಗಳ ಮುಂದಿನ ಮೂಲ ಯಾವುದು ಎಂದು ನಿರ್ಧರಿಸುವ ಆ ಚುನಾವಣೆಯಲ್ಲೂ ಬಿಲ್ಲು ಕಟ್ಟುವವರಲ್ಲಿ ದೊಡ್ಡದೊಂದು ಪಾಲಿನವರಿಗೆ ಮತವಿರುವುದಿಲ್ಲ.